ರೇಡಿಯೊದ ಬೆನ್ನಿಗೊಂದು ಬಾಗಿಲು

ಪೊಲೀಸ್ ಜೀಪು, ಅಗ್ನಿಶಾಮಕ ವಾಹನ, ಆಂಬುಲೆನ್ಸುಗಳಲ್ಲಿ ಚಾಲಕನ ಎಡಗೈಗೆ ಎಟುಕುವಂತೆ ಒಂದು ಕಪ್ಪು ಪೆಟ್ಟಿಗೆ ಇರುವುದನ್ನು ನೀವು ಗಮನಿಸಿರಬಹುದು. ಸುರುಳಿ ತಂತಿಯ ತುದಿಯಲ್ಲೊಂದು ಮೈಕು, ಮುಖದ ಮೇಲೆ ಒಂದೆರಡು ತಿರುಪು, ನಾಲ್ಕಾರು ಗುಂಡಿ. ಚಾಲಕ ಮೈಕಿನ ಪಕ್ಕದ ಗುಂಡಿ ಒತ್ತಿ ಮಾತನಾಡುತ್ತಾನೆ. ಬೆರಳು ತೆಗೆದು ಕೇಳಿಸಿಕೊಳ್ಳುತ್ತಾನೆ. ಇದೇ ಟೂ-ವೇ ಮೊಬೈಲ್ ರೇಡಿಯೊ. ಹೆಸರಿನಲ್ಲಿ ‘ಮೊಬೈಲ್’ ಇದೆಯೆಂದು ಜೇಬಿನ ಫೋನಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇದು ವಾಹನದ ಮೈಗೆ ಬೋಲ್ಟು ಹಾಕಿ ಕೂರಿಸುವ, ವಾಹನದ ಬ್ಯಾಟರಿಯಿಂದಲೇ ಉಸಿರಾಡುವ ಯಂತ್ರ. ವಯಸ್ಸಿನಲ್ಲಿ ಫೋನಿಗೆ ಅಜ್ಜನಾಗಬೇಕು.

ಅಮೆರಿಕದ ಡೆಟ್ರಾಯಿಟ್ ಪೊಲೀಸರು 1928ರಲ್ಲಿ ಕಾರುಗಳಿಗೆ ರೇಡಿಯೊ ಕೂರಿಸಿದಾಗ ಅದು ಕೇಳುವ ಯಂತ್ರ ಮಾತ್ರವಾಗಿತ್ತು. ಠಾಣೆಯಿಂದ ಆಜ್ಞೆ ಬರುತ್ತಿತ್ತು; ಉತ್ತರ ಕೊಡಲು ಪೇದೆ ಎಲ್ಲಾದರೂ ಟೆಲಿಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣದ ಪೊಲೀಸ್ ಕಾರುಗಳು ಉತ್ತರ ಕೊಡಲೂ ಕಲಿತವು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಪ್ರೊಫೆಸರ್ ಡ್ಯಾನಿಯಲ್ ನೋಬಲ್ ಎಫ್‌ಎಂ ತಂತ್ರದ ಟೂ-ವೇ ರೇಡಿಯೊ ಜಾಲವನ್ನು ರೂಪಿಸಿದರು. ಅಲ್ಲಿಂದೀಚೆಗೆ ಪೆಟ್ಟಿಗೆ ಚಿಕ್ಕದಾಗಿದೆ, ವಾಲ್ವ್ ಹೋಗಿ ಚಿಪ್ ಬಂದಿದೆ. ಒತ್ತಿ ಮಾತಾಡು, ಬಿಟ್ಟು ಕೇಳು ಎಂಬ ನಿಯಮ ಮಾತ್ರ ಹಾಗೇ ಉಳಿದಿದೆ.

ಇವತ್ತಿನ ನಮ್ಮ ವಿಷಯ ಈ ಪೆಟ್ಟಿಗೆಯ ಮುಖವಲ್ಲ, ಬೆನ್ನು.

ಹಿಂಬದಿಯಲ್ಲಿ ಏನಿದೆ?

ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಮೂರು ಸಂಗತಿಗಳು ಕಾಣುತ್ತವೆ. ಒಂದು, ಆಂಟೆನಾದ ಸಾಕೆಟ್. ಎರಡು, ಬ್ಯಾಟರಿಗೆ ಹೋಗುವ ಕೆಂಪು-ಕಪ್ಪು ದಪ್ಪ ತಂತಿಗಳು. ಮೂರನೆಯದು, ಎರಡು ಸಾಲು ಪಿನ್ನುಗಳ ಪುಟ್ಟ ಸಾಕೆಟ್. ಅದೇ ಅಕ್ಸೆಸರಿ ಕನೆಕ್ಟರ್. ಮನೆಗೆ ಹಿತ್ತಿಲ ಬಾಗಿಲು ಇದ್ದಂತೆ. ಅತಿಥಿಗಳು ಮುಂಬಾಗಿಲಿನಿಂದ ಬರುತ್ತಾರೆ. ಕೆಲಸದ ವಸ್ತುಗಳೆಲ್ಲ ಹಿತ್ತಿಲಿನಿಂದ ಒಳಬರುತ್ತವೆ.

ಏನೇನು ಬರುತ್ತವೆ? ಲಾರಿಯ ಗದ್ದಲದಲ್ಲಿ ಒಳಗಿನ ಪುಟ್ಟ ಸ್ಪೀಕರ್ ಕೇಳಿಸದು, ಹಾಗಾಗಿ ಹೊರಗೊಂದು ದೊಡ್ಡ ಸ್ಪೀಕರ್. ಎರಡೂ ಕೈ ಕೆಲಸದಲ್ಲಿರುವವರಿಗೆ ಕಾಲಿನಿಂದ ಒತ್ತುವ ಸ್ವಿಚ್. ಅಪಾಯದ ಹೊತ್ತಿಗೆ ಗುಟ್ಟಾಗಿ ಒತ್ತಲು ತುರ್ತು ಗುಂಡಿ. ವಾಹನದ ಕೀಲಿ ತಿರುಗಿಸಿದೊಡನೆ ರೇಡಿಯೊವನ್ನು ಎಬ್ಬಿಸುವ ತಂತಿ. ವಾಹನ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಮತ್ತು ಮೋಡೆಮ್. ಇನ್ನೊಂದು ರೇಡಿಯೊವನ್ನು ಇದಕ್ಕೆ ಜೋಡಿಸಿ, ಒಂದರಲ್ಲಿ ಕೇಳಿದ್ದನ್ನು ಮತ್ತೊಂದರಲ್ಲಿ ಹೇಳಿಸುವ ರಿಪೀಟರ್ ವ್ಯವಸ್ಥೆ.

ಉದಾಹರಣೆಗೆ 1990ರ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ ಮೋಟೊರೋಲಾ ಜಿಎಂ-300 ಸೆಟ್ಟನ್ನೇ ತೆಗೆದುಕೊಳ್ಳೋಣ. ಹವ್ಯಾಸಿಗಳು ಈಗಲೂ ಇದನ್ನು ಬಿಟ್ಟಿಲ್ಲ. ಇದರ ಹಿಂದೆ 16 ಪಿನ್ನುಗಳಿವೆ. 2ನೆಯದು ಹೊರಗಿನ ಮೈಕಿನ ಧ್ವನಿ, 3ನೆಯದು ‘ಒತ್ತಿ ಮಾತಾಡು’ ಸ್ವಿಚ್, ಅಂದರೆ ಪಿಟಿಟಿ, 5ನೆಯದು ದತ್ತಾಂಶ ಕಳಿಸಲು ನೇರ ದಾರಿ, 7ನೆಯದು ಗ್ರೌಂಡ್, 9ನೆಯದು ತುರ್ತು ಗುಂಡಿ, 10ನೆಯದು ವಾಹನದ ಕೀಲಿ, 11ನೆಯದು ಕೇಳಿಬಂದ ಧ್ವನಿ, 1 ಮತ್ತು 16 ಹೊರಗಿನ ಸ್ಪೀಕರ್. ಇವುಗಳಲ್ಲಿ ಕೆಲವು ಪಿನ್ನುಗಳ ಕೆಲಸವನ್ನು ಕಂಪ್ಯೂಟರ್ ಮೂಲಕ ಬದಲಾಯಿಸಲೂಬಹುದು. ಹಾಗಾಗಿ ಒಂದೇ ಮಾದರಿಯ ಎರಡು ಸೆಟ್ಟುಗಳು ಒಂದೇ ತಂತಿಗೆ ಬೇರೆ ಬೇರೆ ಉತ್ತರ ಕೊಟ್ಟರೆ ಬೆರಗಾಗಬೇಕಿಲ್ಲ.

ಈ ಸೆಟ್ಟಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. 15 ಮತ್ತು 16ನೇ ಪಿನ್ನುಗಳ ನಡುವೆ ಒಂದು ಚಿಕ್ಕ ತಂತಿಯ ಸೇತುವೆ ಇದ್ದರೆ ಮಾತ್ರ ಒಳಗಿನ ಸ್ಪೀಕರ್ ಮಾತನಾಡುತ್ತದೆ. ಯಾರೋ ಹಿಂದಿನ ಪ್ಲಗ್ಗನ್ನು ಕಿತ್ತು ಬಿಸಾಡಿದರೋ, ಸೆಟ್ಟು ಮೂಕ. ‘ಕೆಟ್ಟುಹೋಗಿದೆ’ ಎಂದು ಮೂಲೆಗೆ ಬಿದ್ದ ಸೆಟ್ಟಿಗೆ ನಿಜವಾಗಿ ಬೇಕಿದ್ದುದು ಎರಡು ಅಂಗುಲ ತಂತಿ ಮಾತ್ರ! ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಅದರ ಬೆನ್ನು ನೋಡಿ ಎನ್ನುವುದು ಈ ವಿದ್ಯೆಯ ಮೊದಲ ಪಾಠ.

ಎಲ್ಲ ಮೈನಸ್ಸೂ ಗ್ರೌಂಡ್ ಅಲ್ಲ

ಪ್ರೌಢಶಾಲೆಯಲ್ಲಿ ಬಲ್ಬು ಉರಿಸುವಾಗ ನಾವು ಕಲಿಯುವುದು ಎರಡು ತಂತಿಯ ಲೆಕ್ಕ: ಒಂದು ಪ್ಲಸ್, ಇನ್ನೊಂದು ಮೈನಸ್. ವಾಹನದಲ್ಲಿ ಈ ಲೆಕ್ಕ ಇನ್ನೂ ಸುಲಭ. ಮೈನಸ್ ಎಂದರೆ ವಾಹನದ ಲೋಹದ ಮೈ. ಹೆಡ್‌ಲೈಟಾಗಲಿ ಹಾರನ್ನಾಗಲಿ, ಮೈನಸ್ ತಂತಿಯನ್ನು ಹತ್ತಿರದ ತಗಡಿಗೆ ತಿರುಪು ಹಾಕಿ ಬಿಗಿದರೆ ಮುಗಿಯಿತು. ಈ ಅಭ್ಯಾಸವನ್ನೇ ಸ್ಪೀಕರಿಗೂ ಅನ್ವಯಿಸಿದರೆ ರೇಡಿಯೊದ ಧ್ವನಿವರ್ಧಕ ಸುಡುತ್ತದೆ.

ಏಕೆ? ಸ್ವಲ್ಪ ಲೆಕ್ಕ ಮಾಡೋಣ. ಎಂಜಿನ್ ಓಡುವಾಗ ವಾಹನದಲ್ಲಿ ಸಿಗುವುದು ಸುಮಾರು 13.6 ವೋಲ್ಟ್. ಸ್ಪೀಕರಿನ ಒಂದು ತುದಿಯನ್ನು ಒಂದೆಡೆ ಕಟ್ಟಿಹಾಕಿ ಇನ್ನೊಂದನ್ನು ಮಾತ್ರ ಆಡಿಸಿದರೆ, ಮಧ್ಯದ 6.8 ವೋಲ್ಟಿನಿಂದ ಮೇಲಕ್ಕೆ 6.8, ಕೆಳಕ್ಕೆ 6.8 ಆಡಬಹುದು, ಅಷ್ಟೇ. 8 ಓಮ್ ಸ್ಪೀಕರಿಗೆ ಇದರಿಂದ ಸಿಗುವ ಶಕ್ತಿ 6.8ರ ವರ್ಗವನ್ನು 16ರಿಂದ ಭಾಗಿಸಿದಷ್ಟು. ಅಂದರೆ 2.9 ವಾಟ್. ಲಾರಿಯಲ್ಲಿ ಇದು ಸಾಲದು.

ಎಂಜಿನಿಯರುಗಳು ಕಂಡುಕೊಂಡ ಉಪಾಯ ಮರ ಕೊಯ್ಯುವವರ ಉದ್ದ ಗರಗಸದ ಹಾಗೆ. ಎರಡೂ ತುದಿಯಲ್ಲಿ ಒಬ್ಬೊಬ್ಬ ನಿಂತು, ಒಬ್ಬ ತಳ್ಳಿದಾಗ ಇನ್ನೊಬ್ಬ ಎಳೆಯುತ್ತಾನೆ. ಸ್ಪೀಕರಿನ ಎರಡೂ ತಂತಿಗೆ ಒಂದೊಂದು ಧ್ವನಿವರ್ಧಕ. ಒಂದು ಮೇಲೇರಿದಾಗ ಮತ್ತೊಂದು ಕೆಳಗಿಳಿಯುತ್ತದೆ. ಈಗ ಸ್ಪೀಕರಿಗೆ ಸಿಗುವ ವೋಲ್ಟೇಜು ಇಮ್ಮಡಿ, 13.6. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತವಾದ್ದರಿಂದ ನಾಲ್ಕು ಪಟ್ಟು, ಅಂದರೆ ಸುಮಾರು 11.6 ವಾಟ್. ಕಾಗದದ ಲೆಕ್ಕಕ್ಕಿಂತ ನಿಜದಲ್ಲಿ ಸ್ವಲ್ಪ ಕಡಿಮೆಯೇ ಸಿಗುತ್ತದೆ, ಆದರೆ ನಾಲ್ಕು ಪಟ್ಟಿನ ತತ್ವ ಅದೇ. ಇದಕ್ಕೆ ಬ್ರಿಡ್ಜ್ ಜೋಡಣೆ ಎಂದು ಹೆಸರು.

ಈ ಜೋಡಣೆಯಲ್ಲಿ ‘ಸ್ಪೀಕರ್ ಮೈನಸ್’ ಎಂದು ಬರೆದ ತಂತಿಯೂ ಗ್ರೌಂಡ್ ಅಲ್ಲ. ಅದೂ ಸುಮಾರು 6.8 ವೋಲ್ಟ್ ಎತ್ತರದಲ್ಲಿ ನಿಂತಿರುತ್ತದೆ. ಅದನ್ನು ವಾಹನದ ಮೈಗೆ ಮುಟ್ಟಿಸುವುದೆಂದರೆ ಗರಗಸದ ಒಂದು ತುದಿಯವನ ಕೈಯನ್ನು ನೆಲಕ್ಕೆ ಒತ್ತಿ ಹಿಡಿದಂತೆ. ಅವನು ಏದುಸಿರು ಬಿಡುತ್ತಾನೆ, ಬಿಸಿಯಾಗುತ್ತಾನೆ, ಕೊನೆಗೆ ಕೈಚೆಲ್ಲುತ್ತಾನೆ. ಆದ್ದರಿಂದ ಜಿಎಂ-300ರಂಥ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ತಂತಿಯನ್ನೂ ಪೆಟ್ಟಿಗೆಯಿಂದ ಸ್ಪೀಕರಿನವರೆಗೆ ಬೇರೆಯಾಗಿಯೇ ಒಯ್ಯಬೇಕು. ಧ್ವನಿಯನ್ನು ಟೇಪ್ ರೆಕಾರ್ಡರಿಗೋ ಕಂಪ್ಯೂಟರಿಗೋ ಕೊಡುವುದಾದರೆ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರಬೇಕು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವೇ ಇಲ್ಲದ್ದರಿಂದ ಧ್ವನಿ ದಾಟುತ್ತದೆ, ಅನಾಹುತ ದಾಟುವುದಿಲ್ಲ. ಎಂಜಿನ್ ಓಡುವಾಗ ಕೇಳಿಬರುವ ‘ಕುಂಯ್’ ಎಂಬ ಆಲ್ಟರ್ನೇಟರ್ ರಾಗಕ್ಕೂ ಇದೇ ಔಷಧ.

ನಿಮ್ಮ ಸೆಟ್ಟು ಯಾವ ಜಾತಿಯದು ಎಂದು ತಿಳಿಯುವುದು ಹೇಗೆ? ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಸ್ಪೀಕರಿನಲ್ಲಿ ಧ್ವನಿ ಬರುತ್ತಿರುವಾಗ ಅದರ ಪ್ರತಿ ತಂತಿಗೂ ಪೆಟ್ಟಿಗೆಯ ಲೋಹಕ್ಕೂ ನಡುವೆ ಅಳೆಯಿರಿ. ಎರಡೂ ತಂತಿಯಲ್ಲಿ ಬ್ಯಾಟರಿಯ ಅರ್ಧದಷ್ಟು ತೋರಿದರೆ ಅದು ಬ್ರಿಡ್ಜ್.

ಗುಂಡಿ ಒತ್ತಿದವನೇ ದೊರೆ

ಇನ್ನು ಪಿಟಿಟಿ ತಂತಿ. ಇದರ ಕೆಲಸ ಸರಳ. ರೇಡಿಯೊದ ಒಳಗೆ ಈ ಪಿನ್ನನ್ನು ಒಂದು ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಎತ್ತಿ ಕಟ್ಟಿರುತ್ತಾರೆ. ಗುಂಡಿ ಒತ್ತಿದಾಗ ಪಿನ್ ಗ್ರೌಂಡಿಗೆ ತಾಗಿ ಸೊನ್ನೆಗಿಳಿಯುತ್ತದೆ. ‘ಸೊನ್ನೆ ಬಂತು, ಪ್ರಸಾರ ಶುರು ಮಾಡು’ ಎಂದು ಒಳಗಿನ ಚಿಪ್ ಅರ್ಥ ಮಾಡಿಕೊಳ್ಳುತ್ತದೆ. ಆ ರೆಸಿಸ್ಟರ್ 10 ಕಿಲೋ ಓಮ್ ಎಂದಿಟ್ಟುಕೊಂಡರೆ ತಂತಿಯಲ್ಲಿ ಹರಿಯುವುದು ಕೇವಲ ಅರ್ಧ ಮಿಲಿ ಆಂಪಿಯರ್. ಇಷ್ಟು ಅಲ್ಪ ವಿದ್ಯುತ್ತನ್ನು ಒಂದು ಪುಟಾಣಿ ಟ್ರಾನ್ಸಿಸ್ಟರ್ ಸಹ ನಿಭಾಯಿಸುತ್ತದೆ. ಕಂಪ್ಯೂಟರಿನಿಂದ ರೇಡಿಯೊವನ್ನು ನಡೆಸಬೇಕಾದಾಗ ಟ್ರಾನ್ಸಿಸ್ಟರ್ ಅಥವಾ ಆಪ್ಟೊಕಪ್ಲರ್ ಹಾಕುವುದು ಇದೇ ಕಾರಣಕ್ಕೆ. ಆಪ್ಟೊಕಪ್ಲರಿನಲ್ಲಿ ಒಂದು ಬದಿಯಲ್ಲಿ ದೀಪ, ಇನ್ನೊಂದು ಬದಿಯಲ್ಲಿ ಬೆಳಕು ಕಂಡರೆ ಹರಿಯಗೊಡುವ ಟ್ರಾನ್ಸಿಸ್ಟರ್. ನಡುವೆ ಬೆಳಕು ಮಾತ್ರ ದಾಟುತ್ತದೆ.

ಪ್ಲಸ್ ಕೊಟ್ಟು ಒತ್ತಿಸುವ ಬದಲು ಗ್ರೌಂಡಿಗೆ ಇಳಿಸುವುದೇಕೆ? ಇದರಲ್ಲಿ ಜಾಣತನವಿದೆ. ತಂತಿ ತುಂಡಾದರೆ ಪಿನ್ 5 ವೋಲ್ಟಿನಲ್ಲೇ ಉಳಿಯುತ್ತದೆ. ರೇಡಿಯೊ ಸುಮ್ಮನೆ ಕೇಳುತ್ತ ಕೂರುತ್ತದೆ. ಕೆಟ್ಟರೂ ಬೇರೆಯವರಿಗೆ ಕೇಡಿಲ್ಲ. ಆದರೆ ನಾಣ್ಯಕ್ಕೆ ಎರಡನೇ ಮುಖವೂ ಇದೆ. ಸೀಟಿನ ಕೆಳಗೆ ಎಳೆದ ತಂತಿಯ ಹೊದಿಕೆ ಉಜ್ಜಿ ಸವೆದು, ತಾಮ್ರ ವಾಹನದ ಮೈಗೆ ತಾಗಿತೆನ್ನಿ. ವಾಹನದ ಮೈಯೇ ಗ್ರೌಂಡ್! ಯಾರೂ ಗುಂಡಿ ಒತ್ತದೆ ರೇಡಿಯೊ ಪ್ರಸಾರ ಮಾಡತೊಡಗುತ್ತದೆ.

‘ಮಾಡಿದರೇನಾಯಿತು?’ ಎಂದು ಕೇಳಬಹುದು. ಇಲ್ಲಿಯೇ ಈ ಪುಟ್ಟ ತಂತಿಯ ದೊಡ್ಡ ಜವಾಬ್ದಾರಿ ಇರುವುದು. ಟೂ-ವೇ ರೇಡಿಯೊದ ಒಂದು ಚಾನಲ್ ಎಂದರೆ ಊರಿಗೊಂದೇ ಬಾವಿ. ಒಬ್ಬ ಕೊಡ ಇಳಿಸಿದಾಗ ಉಳಿದವರು ಕಾಯಬೇಕು. ಒಂದು ವಾಹನದ ಪಿಟಿಟಿ ಅಂಟಿಕೊಂಡರೆ ಇಡೀ ಚಾನಲ್ಲಿನ ಎಲ್ಲ ವಾಹನಗಳೂ ಮೂಕ. ಎಫ್‌ಎಂ ರೇಡಿಯೊದಲ್ಲಂತೂ ಎರಡು ಅಲೆ ಒಟ್ಟಿಗೆ ಬಂದಾಗ ಬಲವಾದದ್ದು ಉಳಿದು ದುರ್ಬಲವಾದದ್ದು ಮುಳುಗಿಹೋಗುತ್ತದೆ. ದೂರದ ಆಂಬುಲೆನ್ಸಿನವನು ‘ರೋಗಿಯ ಸ್ಥಿತಿ ಗಂಭೀರ’ ಎಂದು ಕೂಗುತ್ತಿದ್ದರೂ ಆಸ್ಪತ್ರೆಯವರಿಗೆ ಕೇಳುವುದು ಹತ್ತಿರದ ಯಾವುದೋ ಜೀಪಿನ ಎಂಜಿನ್ ಸದ್ದು. ಆ ಜೀಪಿನ ಚಾಲಕನಿಗೆ ತಾನು ಪ್ರಸಾರ ಮಾಡುತ್ತಿದ್ದೇನೆಂಬ ಅರಿವೇ ಇಲ್ಲ. ಅವನನ್ನು ಕರೆದು ಹೇಳೋಣವೆಂದರೆ, ಪ್ರಸಾರ ಮಾಡುತ್ತಿರುವ ಸೆಟ್ಟಿಗೆ ಕಿವಿ ಕೇಳಿಸುವುದಿಲ್ಲ!

ಒಂದೇ ಚಾನಲ್ಲಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಏನಾಗಬಹುದು ಎಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಒಂದು ಘೋರ ಸಾಕ್ಷಿ ಇದೆ. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ, ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು. ‘ನಿಲ್ಲು, ನಾನು ಕರೆಯುತ್ತೇನೆ’ ಎಂದು ನಿಯಂತ್ರಣ ಗೋಪುರ ಒಂದು ವಿಮಾನಕ್ಕೆ ಹೇಳುತ್ತಿದ್ದ ಕ್ಷಣದಲ್ಲೇ, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಇನ್ನೊಂದು ವಿಮಾನ ಹೇಳಿತು. ಎರಡು ಪ್ರಸಾರಗಳು ಡಿಕ್ಕಿ ಹೊಡೆದು, ಮೊದಲ ವಿಮಾನದ ಕಾಕ್‌ಪಿಟ್ಟಿನಲ್ಲಿ ಕೇಳಿದ್ದು ಬರಿಯ ಕೀರಲು ಸದ್ದು. ಅದು ಅಷ್ಟರಲ್ಲಾಗಲೇ ಓಟ ಶುರುಮಾಡಿತ್ತು. ಸತ್ತವರು 583 ಮಂದಿ. ವಿಮಾನಗಳ ರೇಡಿಯೊ ಎಎಂ ತಂತ್ರದ್ದು, ದುರಂತಕ್ಕೆ ಬೇರೆ ಕಾರಣಗಳೂ ಇದ್ದವು ಎಂಬುದು ನಿಜ. ಆದರೆ ಆ ಕೆಲವೇ ಸೆಕೆಂಡು ಚಾನಲ್ ತೆರವಾಗಿದ್ದರೆ ಎರಡರಲ್ಲಿ ಒಂದು ಎಚ್ಚರಿಕೆಯಾದರೂ ಸ್ಪಷ್ಟವಾಗಿ ಕೇಳುತ್ತಿತ್ತು.

ಇದಕ್ಕೆಂದೇ ರೇಡಿಯೊಗಳಲ್ಲಿ ಟೈಮ್-ಔಟ್ ಟೈಮರ್ ಎಂಬ ಕಾವಲುಗಾರನನ್ನು ಇಟ್ಟಿರುತ್ತಾರೆ. ನಿಗದಿಪಡಿಸಿದ ಅವಧಿ, 60 ಸೆಕೆಂಡು ಎಂದಿಟ್ಟುಕೊಳ್ಳಿ, ಮೀರಿದರೆ ರೇಡಿಯೊ ತಾನೇ ಪ್ರಸಾರ ನಿಲ್ಲಿಸುತ್ತದೆ. ಹಿಂಬದಿಯ ಕನೆಕ್ಟರಿಗೆ ಏನನ್ನೇ ಜೋಡಿಸುವ ಮುನ್ನ ಈ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪ್ಯೂಟರ್ ಜೋಡಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಕಂಪ್ಯೂಟರನ್ನು ಆನ್ ಮಾಡುವಾಗ ಅದರ ಸೀರಿಯಲ್ ಪೋರ್ಟಿನ ತಂತಿಗಳು ಒಮ್ಮೊಮ್ಮೆ ತಾವಾಗಿಯೇ ಏರಿಳಿಯುತ್ತವೆ. ಅದನ್ನೇ ಆಜ್ಞೆಯೆಂದು ರೇಡಿಯೊ ನಂಬಿಬಿಡುತ್ತದೆ. ಮೊದಲು ಕಂಪ್ಯೂಟರ್ ಪೂರ್ತಿ ಎದ್ದು ಕೂರಲಿ, ಆಮೇಲೆ ರೇಡಿಯೊ ಆನ್ ಆಗಲಿ.

ಪಿಸುಮಾತಿಗೂ ಒಂದು ಅಳತೆ

ಮೈಕಿನ ಪಿನ್ನಿಗೆ ಬೇಕಾದ ಧ್ವನಿ ತೀರ ಸಣ್ಣದು. ಮೋಟೊರೋಲಾದ ಅನೇಕ ಸೆಟ್ಟುಗಳಲ್ಲಿ ಸುಮಾರು 80 ಮಿಲಿವೋಲ್ಟ್. ಕಂಪ್ಯೂಟರಿನ ಧ್ವನಿ ಸಾಕೆಟ್ಟಿನಿಂದ ಬರುವುದು ಸುಮಾರು 1 ವೋಲ್ಟ್. ನೇರ ಜೋಡಿಸಿದರೆ ಕಿವಿಯ ಬಳಿ ತಮಟೆ ಬಾರಿಸಿದಂತೆ. ಪರಿಹಾರ ಹೈಸ್ಕೂಲಿನ ಪಾಠದಲ್ಲೇ ಇದೆ. 10 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಚಿಕ್ಕದರ ಎರಡು ತುದಿಯಿಂದ ಧ್ವನಿ ತೆಗೆದರೆ ಹನ್ನೊಂದರಲ್ಲಿ ಒಂದು ಭಾಗ ಸಿಗುತ್ತದೆ. ಅಂದರೆ 91 ಮಿಲಿವೋಲ್ಟ್. ರೇಡಿಯೊ ತಾನೂ ಸ್ವಲ್ಪ ಎಳೆದುಕೊಳ್ಳುವುದರಿಂದ ಇನ್ನೂ ತುಸು ಇಳಿಯುತ್ತದೆ. ನಿಖರ ಹೊಂದಾಣಿಕೆಗೆ ಒಂದು ತಿರುಗಿಸುವ ರೆಸಿಸ್ಟರ್ ಸಾಕು.

ಮೈಕಿನ ತಂತಿಯಲ್ಲಿ ಇನ್ನೊಂದು ಗುಟ್ಟಿದೆ. ಈಗಿನ ಮೈಕುಗಳಿಗೆ ಕೆಲಸ ಮಾಡಲು ಅಲ್ಪ ವಿದ್ಯುತ್ತು ಬೇಕು. ರೇಡಿಯೊ ಅದನ್ನು ಧ್ವನಿ ಬರುವ ತಂತಿಯಲ್ಲೇ ಎದುರು ದಿಕ್ಕಿಗೆ ಕಳಿಸುತ್ತದೆ. ಕಂಪ್ಯೂಟರ್ ಜೋಡಿಸುವಾಗ ಈ ಡಿಸಿ ವಿದ್ಯುತ್ತು ಒಳನುಗ್ಗದಂತೆ ತಡೆಯಲು ನಡುವೆ ಒಂದು ಕೆಪಾಸಿಟರ್ ಇರಬೇಕು. ಕೆಪಾಸಿಟರ್ ಡಿಸಿಗೆ ಗೋಡೆ, ಧ್ವನಿಗೆ ಬಾಗಿಲು.

ಜಿಎಂ-300ರಲ್ಲಿ ಮೈಕಿಗೆ 2ನೇ ಪಿನ್ ಇದ್ದಾಗ 5ನೇ ಪಿನ್ನಿನ ‘ನೇರ ದಾರಿ’ ಏಕೆ ಬೇಕು? ಎಫ್‌ಎಂನಲ್ಲಿ ಕೀರಲು ಸ್ವರಗಳ ಭಾಗಕ್ಕೆ ಗದ್ದಲ ಹೆಚ್ಚು ಮೆತ್ತಿಕೊಳ್ಳುತ್ತದೆ. ಅದಕ್ಕಾಗಿ ಕಳಿಸುವ ರೇಡಿಯೊ ಆ ಸ್ವರಗಳನ್ನು ಮೊದಲೇ ಎತ್ತರಿಸಿ ಕಳಿಸುತ್ತದೆ; ಕೇಳುವ ರೇಡಿಯೊ ಅಷ್ಟೇ ತಗ್ಗಿಸುತ್ತದೆ. ಸ್ವರದ ಆವರ್ತಾಂಕ ಇಮ್ಮಡಿಯಾದಂತೆ ವೋಲ್ಟೇಜೂ ಇಮ್ಮಡಿ. ಮಾತಿಗೆ ಇದು ಸೊಗಸಾದ ಏರ್ಪಾಡು. ಆದರೆ ದತ್ತಾಂಶದ ಕಥೆ ನೋಡಿ. ಹವ್ಯಾಸಿಗಳ ಪ್ಯಾಕೆಟ್ ರೇಡಿಯೊ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಸೊನ್ನೆ-ಒಂದರ ಭಾಷೆ ಮಾತಾಡುತ್ತದೆ. ಮೈಕಿನ ಪಿನ್ನಿನಿಂದ ಕಳಿಸಿ, ಆ ಕಡೆ ತಗ್ಗಿಸದ ಧ್ವನಿಯನ್ನು ತೆಗೆದುಕೊಂಡರೆ 2200ರ ಸ್ವರ 1200ರ ಸ್ವರಕ್ಕಿಂತ 1.83 ಪಟ್ಟು ಜೋರಾಗಿರುತ್ತದೆ. ಸಮತೋಲ ತಪ್ಪಿ ಮೋಡೆಮ್ ತಡವರಿಸುತ್ತದೆ. ಎತ್ತರಿಸಿ ಕಳಿಸಿದ್ದನ್ನು ತಗ್ಗಿಸಿ ಕೇಳಬೇಕು. ನೇರ ಕಳಿಸಿದ್ದನ್ನು ನೇರ ಕೇಳಬೇಕು. ಸೂತ್ರ ಇಷ್ಟೇ. ಕೇಳಿಬಂದ ಧ್ವನಿ 11ನೇ ಪಿನ್ನಿನಲ್ಲಿ ಯಾವ ರೂಪದಲ್ಲಿರಬೇಕೆಂದು ಆರಿಸಲು ಆ ಸೆಟ್ಟಿನ ಒಳಗೆ ಒಂದು ಜಂಪರ್ ಇಟ್ಟಿರುವುದೂ ಇದಕ್ಕೇ.

ವೇಗ ಸೆಕೆಂಡಿಗೆ 9600 ಬಿಟ್‌ಗೇರಿದರೆ ಮೈಕಿನ ದಾರಿ ಬಿಲ್ಕುಲ್ ನಡೆಯದು. ಮಾತಿಗೆಂದು ಮಾಡಿದ ಆ ದಾರಿ ಸುಮಾರು 300ರಿಂದ 3000 ಹರ್ಟ್ಸ್ ಅಗಲದ್ದು. ಅದರ ಎರಡೂ ಅಂಚಿನಾಚೆ ಹರಡುವ ವೇಗದ ದತ್ತಾಂಶ ಅದರಲ್ಲಿ ತೂರದು. ಹಾಗಾಗಿ ಹ್ಯಾಮ್ ರೇಡಿಯೊಗಳ ಹಿಂದಿರುವ 6 ಪಿನ್ನಿನ ಮಿನಿ-ಡಿನ್ ಸಾಕೆಟ್ಟಿನಲ್ಲಿ ಕೇಳಲು ಎರಡು ಪಿನ್ನುಗಳಿವೆ. 4ನೆಯದು 9600ಕ್ಕೆ, 5ನೆಯದು 1200ಕ್ಕೆ. 1ರಲ್ಲಿ ದತ್ತಾಂಶ ಒಳಕ್ಕೆ, 2 ಗ್ರೌಂಡ್, 3 ಪಿಟಿಟಿ. 6ನೆಯದು ಚಾನಲ್ಲಿನಲ್ಲಿ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ತಿಳಿಸುತ್ತದೆ.

ಆಕಾರ ನಂಬಿ ಕೆಡಬೇಡಿ

ಈ 6 ಪಿನ್ನಿನ ಪ್ಲಗ್ಗನ್ನು ಎಲ್ಲೋ ನೋಡಿದಂತಿದೆಯಲ್ಲ? ಹೌದು, ಹಳೆಯ ಕಂಪ್ಯೂಟರ್ ಕೀಲಿಮಣೆ ಮತ್ತು ಮೌಸಿನ ದುಂಡನೆಯ ಪಿಎಸ್-2 ಪ್ಲಗ್ ಇದೇ. ಗುಜರಿಯ ಕೀಲಿಮಣೆಯಿಂದ ತಂತಿ ಕತ್ತರಿಸಿಕೊಂಡರೆ ಖರ್ಚಿಲ್ಲದೆ ಕೇಬಲ್ ಸಿಕ್ಕಿತು ಎಂದು ಹಿಗ್ಗುವ ಮುನ್ನ ಒಂದು ವಿಷಯ. ಕೀಲಿಮಣೆಗೆ 2 ಮತ್ತು 6ನೇ ಪಿನ್ನುಗಳ ಅಗತ್ಯವಿಲ್ಲ. ಅದಕ್ಕೇ ತಯಾರಕರು ಅನೇಕ ಸಲ ಅವುಗಳಿಗೆ ತಂತಿಯನ್ನೇ ಹಾಕಿರುವುದಿಲ್ಲ. ರೇಡಿಯೊದಲ್ಲಿ 2ನೆಯದೇ ಗ್ರೌಂಡ್! ತಂತಿಯ ಬಣ್ಣವನ್ನೂ ನಂಬುವಂತಿಲ್ಲ. ಪ್ರತಿ ಪಿನ್ನಿನಿಂದ ಪ್ರತಿ ತಂತಿಗೆ ಮಲ್ಟಿಮೀಟರ್ ‘ಕುಂಯ್’ ಎನ್ನುವವರೆಗೆ ಯಾವುದನ್ನೂ ಒಪ್ಪಬಾರದು.

ಇನ್ನೊಂದು ಬಲೆ ಮುಂಭಾಗದಲ್ಲಿದೆ. ಅನೇಕ ರೇಡಿಯೊಗಳ ಮೈಕ್ ಸಾಕೆಟ್ ನೋಡಲು ಕಂಪ್ಯೂಟರ್ ಜಾಲದ 8 ತಂತಿಯ ಸಾಕೆಟ್ಟಿನಂತೆಯೇ ಇರುತ್ತದೆ. ಜಾಲದ ಕೇಬಲ್ ‘ಟಿಕ್’ ಎಂದು ಸಲೀಸಾಗಿ ಕೂತೂಬಿಡುತ್ತದೆ. ಆದರೆ ಅಲ್ಲಿರುವುದು ಮೈಕಿಗೆ ಬೇಕಾದ ವಿದ್ಯುತ್ತು ಮತ್ತು ಪಿಟಿಟಿ. ಒಂದು ಕಂಪನಿಯ ಮೈಕು ಇನ್ನೊಂದು ಕಂಪನಿಯ ಸೆಟ್ಟಿಗೆ ಕೂರುತ್ತದೆ, ಪಿನ್ನುಗಳ ಕ್ರಮ ಮಾತ್ರ ಬೇರೆ. ಕೂತ ಮಾತ್ರಕ್ಕೆ ಹೊಂದಿತು ಎಂದಲ್ಲ. ಬೇರೆಯವರ ಚಪ್ಪಲಿಯೂ ಕಾಲಿಗೆ ಕೂರುತ್ತದೆ!

ಮೂರನೆಯದು ಕನ್ನಡಿಯ ಆಟ. ಕೈಪಿಡಿಯ ಚಿತ್ರದಲ್ಲಿ ಪಿನ್ನುಗಳಿಗೆ ಅಂಕಿ ಕೊಟ್ಟಿರುವುದು ರೇಡಿಯೊದ ಹಿಂದೆ ನಿಂತು ನೋಡಿದಂತೆಯೋ, ಪ್ಲಗ್ಗಿಗೆ ತಂತಿ ಬೆಸೆಯುವ ಬದಿಯಿಂದ ನೋಡಿದಂತೆಯೋ? ಒಂದು ಇನ್ನೊಂದರ ಪ್ರತಿಬಿಂಬ. ಚಿತ್ರದ ಕೆಳಗಿನ ಒಂದು ಸಾಲು ಓದದಿದ್ದರೆ ಎಡ ಬಲವಾಗಿ, ಮೈಕಿನ ತಂತಿ ಇರಬೇಕಾದಲ್ಲಿ ಬ್ಯಾಟರಿಯ ಪ್ಲಸ್ ಬಂದು ಕೂರಬಹುದು. ಹದಿನಾರು ತಂತಿ ಬೆಸೆಯಲು ಒಂದು ಗಂಟೆ. ಆ ಸಾಲು ಓದಲು ಹತ್ತು ಸೆಕೆಂಡು.

ಕೀಲಿ, ಫ್ಯೂಸು, ಬ್ಯಾಟರಿ

ಕೇಳುತ್ತ ಸುಮ್ಮನೆ ಕೂತ ರೇಡಿಯೊ 0.4 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 40 ಆಂಪಿಯರ್-ಗಂಟೆಯ ಬ್ಯಾಟರಿ 100 ಗಂಟೆಯಲ್ಲಿ, ಅಂದರೆ ನಾಲ್ಕು ದಿನದಲ್ಲಿ ಪೂರ್ತಿ ಬರಿದು. ಎಂಜಿನ್ ಚಾಲೂ ಮಾಡಲಾರದ ಸ್ಥಿತಿ ಅದಕ್ಕೂ ಎಷ್ಟೋ ಮೊದಲೇ ಬರುತ್ತದೆ. ಆಂಬುಲೆನ್ಸಿನಲ್ಲಿ ಹೀಗಾದರೆ ಗತಿಯೇನು? ಅದಕ್ಕೇ 10ನೇ ಪಿನ್. ಅದನ್ನು ವಾಹನದ ಕೀಲಿಗೆ ಜೋಡಿಸಿದರೆ ಕೀಲಿ ತೆಗೆದೊಡನೆ ರೇಡಿಯೊ ಮಲಗುತ್ತದೆ. ಈ ತಂತಿ ‘ಕೀಲಿ ಇದೆಯೇ ಇಲ್ಲವೇ’ ಎಂಬ ಸುದ್ದಿ ಹೇಳುತ್ತದೆ ಅಷ್ಟೇ. ರೇಡಿಯೊಗೆ ಬೇಕಾದ ವಿದ್ಯುತ್ತನ್ನು ಇದರಿಂದ ಎಳೆಯಬಾರದು.

ಪ್ರಸಾರದ ಹೊತ್ತಿನಲ್ಲಿ 45 ವಾಟಿನ ಸೆಟ್ಟು ಹತ್ತು ಆಂಪಿಯರ್ ಆಸುಪಾಸು ನುಂಗುತ್ತದೆ. ಆದ್ದರಿಂದ ದಪ್ಪ ತಂತಿ ನೇರ ಬ್ಯಾಟರಿಯಿಂದಲೇ ಬರಬೇಕು. ಫ್ಯೂಸು ರೇಡಿಯೊದ ಬಳಿಯಲ್ಲ, ಬ್ಯಾಟರಿಯ ಬಳಿ ಇರಬೇಕು. ಫ್ಯೂಸು ಕಾಯುವುದು ಮುಖ್ಯವಾಗಿ ತಂತಿಯನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ಎಷ್ಟು ಉದ್ದವಿದೆಯೋ ಬೆಂಕಿಯ ಅಪಾಯವೂ ಅಷ್ಟು ಉದ್ದ.

ಕೆಲಸದ ಕ್ರಮ ಹೀಗಿರಲಿ. ಮೊದಲು ಆ ಮಾದರಿಯದೇ ಕೈಪಿಡಿ. ಬೆಸೆಯುವಾಗ ಬ್ಯಾಟರಿ ಕಳಚಿರಲಿ. ಒಂದು ಸಲಕ್ಕೆ ಒಂದೇ ತಂತಿ, ಪ್ರತಿ ತಂತಿಗೂ ಮೀಟರ್ ಪರೀಕ್ಷೆ. ಪ್ರಸಾರದ ಪರೀಕ್ಷೆಗೆ ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್. ಎರಡೂ ಇಲ್ಲದೆ ಪಿಟಿಟಿ ಒತ್ತಲೇಬಾರದು. ಮುಗಿದ ಮೇಲೆ ಯಾವ ಪಿನ್ನಿಗೆ ಯಾವ ತಂತಿ ಎಂದು ಬರೆದು ಪೆಟ್ಟಿಗೆಗೆ ಅಂಟಿಸಿ. ಎರಡು ವರ್ಷದ ನಂತರ ಅದನ್ನು ಬಿಚ್ಚುವವರು ನೀವೇ ಆಗಿದ್ದರೂ ಆ ಚೀಟಿಗೆ ಕೈಮುಗಿಯುತ್ತೀರಿ.

ಪಾಲಕರಲ್ಲಿ ಒಂದು ಮಾತು

‘ಓದುವುದು ಬಿಟ್ಟು ತಂತಿ ಕೆರೆಯುತ್ತಾ ಕೂತಿದ್ದಾನೆ’ ಎಂಬ ದೂರು ಮನೆಮನೆಯಲ್ಲೂ ಉಂಟು. ಮೇಲಿನದನ್ನೆಲ್ಲ ಇನ್ನೊಮ್ಮೆ ನೋಡಿ. ಓಮ್ ನಿಯಮ, ವೋಲ್ಟೇಜಿನ ವರ್ಗ, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಎಲ್ಲ ಪಿಯುಸಿ ಭೌತಶಾಸ್ತ್ರದ ಪಾಠಗಳೇ. ಪುಸ್ತಕದಲ್ಲಿ ಒಂದೊಂದು ಅಧ್ಯಾಯದಲ್ಲಿ ದೂರದೂರ ಕೂತವರು ಇಲ್ಲಿ ಒಂದೇ ಪ್ಲಗ್ಗಿನೊಳಗೆ ಭೇಟಿಯಾಗುತ್ತಾರೆ. ಪರೀಕ್ಷೆಯಲ್ಲಿ ತಪ್ಪು ಬರೆದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪು ಬೆಸೆದರೆ ಹೊಗೆ ಬರುತ್ತದೆ. ಜೋಡಿಸುವ ಮುನ್ನ ಎರಡು ಸಲ ಅಳೆಯುವ ಅಭ್ಯಾಸ ಕೈಗೆ ಬಂದವರಿಗೆ ಅದು ಬೇರೆ ಕೆಲಸಗಳಲ್ಲೂ ಜೊತೆಗಿರುತ್ತದೆ.

ಆದರೆ ಕಾನೂನಿನ ಗೆರೆಯೊಂದಿದೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಿಂದ 2023ರ ದೂರಸಂಪರ್ಕ ಕಾಯ್ದೆಯವರೆಗೆ ಒಂದು ಮಾತು ಬದಲಾಗಿಲ್ಲ. ಸರ್ಕಾರ ವಿನಾಯಿತಿ ಕೊಟ್ಟ ಸಾಧನಗಳನ್ನು ಬಿಟ್ಟರೆ, ಅನುಮತಿಯಿಲ್ಲದೆ ಪ್ರಸಾರದ ಸೆಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವುದು ಬೇಡ. ಸರಿಯಾದ ದಾರಿ ಇದೆ. ಹ್ಯಾಮ್ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯುವುದು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬಿನಂಥ ಸಂಘಗಳಲ್ಲಿ ಹಿರಿಯ ಹವ್ಯಾಸಿಗಳ ಪರಿಚಯವಾಗುತ್ತದೆ. ಅಲ್ಲಿಯವರೆಗೆ ಕೇಬಲ್ ಮಾಡಲು, ಮೀಟರ್ ಹಿಡಿಯಲು, ಬೆಸೆಯಲು ಕಲಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇದರಿಂದ ನಾಲ್ಕು ಜನಕ್ಕೆ ಏನುಪಯೋಗ ಎನ್ನುವವರು 2001ರ ಜನವರಿ 26ರ ಭುಜ್ ಭೂಕಂಪವನ್ನು ನೆನೆಯಲಿ. ದೂರವಾಣಿ ಸತ್ತುಬಿದ್ದಾಗ ಹ್ಯಾಮ್‌ಗಳ ರೇಡಿಯೊಗಳು ಮಾತನಾಡಿದವು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿತ್ತು. ಹವ್ಯಾಸದ ಆ ಕೇಂದ್ರವೇ ಅಂಡಮಾನಿನಿಂದ ಮುಖ್ಯಭೂಮಿಗೆ ಸುದ್ದಿ ಸಾಗಿಸುವ ಕೇಂದ್ರವಾಯಿತು. ಅಂಥ ಹೊತ್ತಿನಲ್ಲಿ ಕಾರಿನಿಂದ ಕಿತ್ತು ತಂದ ರೇಡಿಯೊಗೆ ಎಲ್ಲಿಂದಲೋ ಸಿಕ್ಕ ಸ್ಪೀಕರು, ಯಾರದೋ ಬ್ಯಾಟರಿ, ಇನ್ಯಾವುದೋ ಮೈಕು ಜೋಡಿಸಬೇಕಾಗಿ ಬರಬಹುದು. ಅಂಗಡಿ ಮುಚ್ಚಿರುತ್ತದೆ, ಅಂತರ್ಜಾಲ ಸಿಗುವುದಿಲ್ಲ. ಯಾವ ತಂತಿ ಎಲ್ಲಿಗೆ ಎಂದು ಬಲ್ಲ ಒಂದು ಜೊತೆ ಕೈ ಅಲ್ಲಿ ಬೇಕಾಗುತ್ತದೆ.

ಮುಂದಿನ ಸಲ ನಿಮ್ಮ ಮಗನೋ ಮಗಳೋ ಯಾವುದಾದರೂ ಪೆಟ್ಟಿಗೆಯನ್ನು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದರೆ ಗದರಬೇಡಿ. ಬ್ಯಾಟರಿ ಕಳಚಿದ್ದೀಯಾ ಎಂದು ಮಾತ್ರ ಕೇಳಿ.